ಮಗ್ಗದ ಗುಂಡಿಯ ಡೇಲಿಯಾ

ಅವರ ಪಾದಗಳು ಮುಖಕ್ಕಿಂತ ಬೆಳ್ಳಗಿದ್ದವು. ಬಿಸಿಲು ಯಾರನ್ನೂ ಬಿಡದ ಮೊಳಕಾಲ್ಮುರಿನಲ್ಲಿ ಅಂಥ ಪಾದ ಇನ್ನೊಂದು ಜೊತೆ ನಾನು ಕಂಡಿಲ್ಲ. ರೇಷ್ಮೆ ಸೀರೆಯ ಹಳೇ ಮಗ್ಗ ಅವರದು. ನೆಲದಲ್ಲಿ ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗಿಳಿಸಿ, ಹಲಗೆ ತುಳಿಯಬೇಕು. ಐವತ್ತು ವರ್ಷ ಹಾಗೆ ಕೂತ ಮನುಷ್ಯನ ಪಾದಕ್ಕೆ ಬಿಸಿಲು ಎಲ್ಲಿಂದ ತಾಗಬೇಕು? ಅವರು ನಮ್ಮ ಬಂಧುವಲ್ಲ. ಎರಡು ಮನೆಗೂ ನಡುವೆ ಗೋಡೆ ಒಂದೇ, ಅಷ್ಟೇ. ಓಣಿಗೆಲ್ಲ ಅವರು ಮಗ್ಗದ ತಾತ.

ಮಗ್ಗ ಬಿಟ್ಟರೆ ಅವರಿಗೆ ಇದ್ದದ್ದು ಡೇಲಿಯಾ. ಬಾಗಿಲ ಮುಂದಿನ ಚರಂಡಿಕಲ್ಲಿನ ಉದ್ದಕ್ಕೂ ಕುಳ್ಳ ಜಾತಿಯವು, ಮೆಟ್ಟಿಲ ಮೇಲೆ ಬಣ್ಣದ ಹಳೇ ಡಬ್ಬಿಗಳಲ್ಲಿ ಒಂದೊಂದು, ಹಿತ್ತಲಲ್ಲಿ ಎದೆಯೆತ್ತರ ಬೆಳೆದು ಕೋಲಿಗೆ ಕಟ್ಟಿಸಿಕೊಂಡು ನಿಂತ ಉದ್ದ ದಂಟಿನವು. ಜನವರಿಯ ಧ್ವಜಾರೋಹಣಕ್ಕೆ ಶಾಲೆಯ ಮೇಜಿನ ಮೇಲೆ ಇಡುವ ಹೂವು ಹಿತ್ತಲಿಂದಲೇ ಹೋಗಬೇಕು. ಬೆಳಕು ಹರಿಯುವ ಮೊದಲೇ ಕುಯ್ದು, ದಂಟನ್ನು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ, ಆಮೇಲೆ ಕೊಡುತ್ತಿದ್ದರು. ಯಾಕೆ ಬೆಚ್ಚಗಿನ ನೀರು ಎಂದು ಕೇಳಿದರೆ ಇನ್ನೊಂದು ದಂಟು ಕುಯ್ಯುವರು.

ನನ್ನ ಕಷ್ಟ ಅಲ್ಲೇ. ನಾನು ಚಳ್ಳಕೆರೆಯ ಕಾಲೇಜಿನಿಂದ ಚರ್ಚಾಸ್ಪರ್ಧೆಗೆ ಹೋಗುವವಳು. ಯಾರು ಏನೇ ಹೇಳಲಿ, ಆಧಾರ ಕೇಳುವುದು ನನಗೆ ಚಟ. ಎದುರಿನವರು ಆಧಾರ ಕೊಡಬೇಕು, ಇಲ್ಲ ಜಗಳಕ್ಕೆ ಬರಬೇಕು. ತಾತ ಎರಡೂ ಮಾಡುತ್ತಿರಲಿಲ್ಲ.

ಉದ್ದ ದಂಟಿನ ಗಿಡಗಳಲ್ಲಿ ತುದಿಯ ಮೊಗ್ಗೊಂದನ್ನು ಉಳಿಸಿ ಪಕ್ಕದವನ್ನೆಲ್ಲ ಚಿವುಟಿ ಹಾಕುತ್ತಿದ್ದರು. ನೋಡಿ ನನಗೆ ಮೈ ಉರಿಯಿತು.

“ಒಂದು ಹೂವಿಗೋಸ್ಕರ ಎಂಟು ಮೊಗ್ಗು ಕೀಳ್ತೀರಲ್ಲ ತಾತ, ಇದು ಯಾವ ನ್ಯಾಯ?”

“ನಿಂದೇ ಸರಿ ಅಮ್ಮಾಯಿ,” ಎಂದು ಪಕ್ಕದ ಗಿಡಕ್ಕೆ ಕೈಹಾಕಿದರು. ಅವರ ಮನೆಮಾತು ತೆಲುಗು. ಓಣಿಯ ಹುಡುಗಿಯರೆಲ್ಲ ಅವರಿಗೆ ಅಮ್ಮಾಯಿಗಳೇ.

“ನಂದು ಸರಿ ಅಂದ್ಮೇಲೆ ಮತ್ಯಾಕೆ ಕೀಳ್ತೀರಿ?”

“ನೀನು ಮಾತು ಮುಗಿಸು. ನಾನು ಕೆಲಸ ಮುಗಿಸ್ತೀನಿ.”

ಗೋಡೆಯಾಚೆಯಿಂದ ಅವ್ವ ಕೂಗಿದಳು: “ಅವಳ ಜೊತೆ ವಾದಕ್ಕೆ ಇಳೀಬ್ಯಾಡಿ ಮಾವ, ನಿಮ್ಮ ಬಾಯಿ ನೋಯ್ತೈತೆ.”

“ನನ್ನ ಬಾಯಿ ಎಲ್ಲಮ್ಮ ಆಡ್ತೈತೆ? ಆಡೋದೆಲ್ಲ ಇವಳದೇ.”

ಸೋತೆ ಎನ್ನುವ ಎದುರಾಳಿಯನ್ನು ಎದುರಿಸಬಹುದು, ಗೆದ್ದೆ ಎನ್ನುವವರನ್ನೂ ಎದುರಿಸಬಹುದು. ‘ನಿಂದೇ ಸರಿ’ ಅಂದು ತನಗೆ ಬೇಕಾದ್ದನ್ನೇ ಮಾಡುವವರನ್ನು ಏನು ಮಾಡುವುದು?

ಅವರ ಹಿತ್ತಲಲ್ಲಿ ಕಪ್ಪಿಗೆ ತಿರುಗಿದ ಕೆಂಪು ಬಣ್ಣದ ಒಂದು ಜಾತಿ ಇತ್ತು. ಹಳದಿ, ಬಿಳಿ, ನಸುಗೆಂಪು ಯಾವುದನ್ನು ಯಾರು ಕೇಳಿದರೂ ಗೆಡ್ಡೆ ಕಾಗದದಲ್ಲಿ ಸುತ್ತಿ ಕೊಡುವರು. ಆ ಕಪ್ಪುಗೆಂಪನ್ನು ಮಾತ್ರ ಕೊಡುತ್ತಿರಲಿಲ್ಲ. “ಇದೊಂದಿರಲಿ” ಅನ್ನುವರು. ಯಾಕೆ? “ಇರಲಿ ಬಿಡು.” ಸೊಸೆಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಏನೋ ಕಥೆ ಇದ್ದೀತು ಎಂದು ನಾಲ್ಕು ವರ್ಷ ಕೆದಕಿದೆ. ಕಥೆ ಇತ್ತೋ ಇಲ್ಲವೋ ಅದೂ ತಿಳಿಯಲಿಲ್ಲ.

ನಮ್ಮ ಕಡೆ ಡೇಲಿಯಾ ಬೆಳೆಸುವುದು ಕಷ್ಟವಲ್ಲ, ಬೇಸಿಗೆಯಲ್ಲಿ ಅದರ ಗೆಡ್ಡೆ ಕಾಪಾಡುವುದು ಕಷ್ಟ. ಫೆಬ್ರವರಿಯಲ್ಲಿ ಎಲೆ ಹಳದಿಯಾದ ಮೇಲೆ ಗೆಡ್ಡೆ ಅಗೆದು, ನೆರಳಲ್ಲಿ ಆರಿಸಿ, ಮಳೆಗಾಲದವರೆಗೆ ಮರಳಿನಲ್ಲಿ ಹೂತಿಡಬೇಕು. ಈ ಊರಿನ ಏಪ್ರಿಲ್, ಮೇ ತಿಂಗಳಲ್ಲಿ ಅವು ಒಣಶುಂಠಿಯಾಗಿಬಿಡುತ್ತವೆ. ತಾತನವು ಆಗುತ್ತಿರಲಿಲ್ಲ. ಮರಳಿನ ಪೆಟ್ಟಿಗೆಯನ್ನು ಅವರು ಮಗ್ಗದ ಗುಂಡಿಯೊಳಗೆ, ತಮ್ಮ ಕಾಲಿನ ಪಕ್ಕದಲ್ಲೇ ಇಡುತ್ತಿದ್ದರು. “ಗುಂಡಿ ಕಾಪಾಡ್ತೈತೆ” ಎನ್ನುವುದು ಅವರ ನಂಬಿಕೆ.

ಗುಂಡಿಗೆ ಅಂಥ ಮಹಿಮೆ ಏನೂ ಇಲ್ಲ ಎಂದು ನಾನು ವಾದಿಸಿದೆ. ಪಂದ್ಯವನ್ನೂ ಕಟ್ಟಿದೆ. ಅರ್ಧ ಗೆಡ್ಡೆ ಅವರ ಗುಂಡಿಯಲ್ಲಿ, ಅರ್ಧ ನಮ್ಮ ಮಂಚದ ಕೆಳಗೆ, ಅದೇ ಮರಳು, ಅದೇ ಥರದ ಪೆಟ್ಟಿಗೆ. ಜುಲೈನಲ್ಲಿ ತೆಗೆದಾಗ ನನ್ನವೆಲ್ಲ ಸುಕ್ಕಾಗಿ ಹಗುರವಾಗಿದ್ದವು. ಅವರವು ಗಟ್ಟಿಯಾಗಿದ್ದವು. ತಾತ ನನ್ನ ಪೆಟ್ಟಿಗೆಯೊಳಗೆ ಇಣುಕಿ, “ನಿಂದೇ ಸರಿ” ಎಂದರು. ಅವತ್ತು ನಾನು ಊಟ ಮಾಡಲಿಲ್ಲ.

ಮುಂದಿನ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಗುಂಡಿಗೆ ಇಳಿಯಲಾಗದೆ ನೇಯುವುದು ನಿಂತಿತು. ಆ ಬೇಸಿಗೆ ಗೆಡ್ಡೆಯ ಪೆಟ್ಟಿಗೆಯನ್ನು ಮಗನ ಕೈಯಲ್ಲಿ ಅದೇ ಗುಂಡಿಯಲ್ಲಿ ಇಡಿಸಿದರು. ಜುಲೈನಲ್ಲಿ ಮರಳು ಸರಿಸಿ ನೋಡಿದರೆ ಎಲ್ಲ ಒಣಶುಂಠಿ. ಹಳದಿ ಹೋಯಿತು, ಬಿಳಿ ಹೋಯಿತು. ಅವುಗಳನ್ನು ಕೊಟ್ಟ ಮನೆಗಳಿಂದ ಮತ್ತೆ ತರಬಹುದಿತ್ತು. ಕಪ್ಪುಗೆಂಪನ್ನು ತರಲು ಬೇರೆ ಮನೆಯೇ ಇರಲಿಲ್ಲ. ಆ ಗೊಂಚಲಿನಲ್ಲಿ ಒಂದೇ ಒಂದು ಗೆಡ್ಡೆಯ ಕುತ್ತಿಗೆ ಇನ್ನೂ ಗಟ್ಟಿಯಿತ್ತು. ಡೇಲಿಯಾಕ್ಕೆ ಚಿಗುರೊಡೆಯುವ ಕಣ್ಣು ಇರುವುದು ಅಲ್ಲಿ ಮಾತ್ರ. ತಾತ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, “ಜೀವ ಐತೆ” ಎಂದರು. ಆಮೇಲೆ ಗುಂಡಿಯ ಕಡೆ ತಿರುಗಿದರು.

“ಗುಂಡಿ ಮೋಸ ಮಾಡ್ತು ಅಮ್ಮಾಯಿ.”

ಯಾರದೋ ದೃಷ್ಟಿ ಎಂದಳು ಸೊಸೆ. ಬಿಸಿಲು ಜಾಸ್ತಿ ಎಂದಳು ಅವ್ವ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಗುಂಡಿ ಅದೇ, ಮರಳು ಅದೇ, ಹಿಂದಿನ ವರ್ಷದ ಬಿಸಿಲೂ ಕಡಿಮೆಯದಲ್ಲ. ಬದಲಾದದ್ದು ಏನು?

“ತಾತ, ನೇಯೋವಾಗ ಬೆಳಿಗ್ಗೆ ಎದ್ದು ಮೊದಲು ಏನೇನ್ ಮಾಡ್ತಿದ್ರಿ? ಒಂದೂ ಬಿಡದಂಗೆ ಹೇಳ್ರಿ.”

“ಏನ್ ಮಾಡ್ತಾರೆ? ಕೈಕಾಲು ತೊಳ್ಕಂತಿದ್ದೆ. ದೀಪ ಹಚ್ತಿದ್ದೆ. ಗುಂಡಿಗೆ ನಾಲ್ಕು ಹನಿ ನೀರು ಚಿಮುಕಿಸ್ತಿದ್ದೆ. ಕೂರ್ತಿದ್ದೆ.”

“ನೀರು ಯಾಕೆ?”

“ಹಾಸಿನ ಎಳೆ ಒಣಗಿ ಕಡೀಬಾರ್ದಲ್ಲ. ಗುಂಡಿ ತಂಪಾಗಿದ್ರೆ ರೇಷ್ಮೆ ಮಾತು ಕೇಳ್ತೈತೆ...”

ಅಷ್ಟಂದು ಪೆಟ್ಟಿಗೆಯ ಒಣಮರಳನ್ನು ಮುಟ್ಟಿ ನೋಡಿದರು. ಐವತ್ತು ವರ್ಷ ರೇಷ್ಮೆಗೆಂದು ಹಾಕಿದ ನೀರನ್ನು ಗೆಡ್ಡೆಗಳೂ ಕುಡಿದಿದ್ದವು. ಹೊಗಳಿಕೆಯೆಲ್ಲ ಗುಂಡಿಗೆ ಹೋಗಿತ್ತು.

ನಾನು ಗೆಲುವಿನ ಭಾಷಣಕ್ಕೆ ಬಾಯಿ ತೆರೆದಿದ್ದೆ. ತಾತ, “ಹಂಗಾದ್ರೆ ಇನ್ಮೇಲೆ ನೀರು ಹಾಕೋದು ಯಾರು?” ಎಂದರು.

“ನಿಮ್ಮ ಸೊಸೆ ಹಾಕ್ತಾರೆ.”

“ಇವಳು ಚೆಂಬುಗಟ್ಲೆ ಸುರೀತಾಳೆ. ಕೊಳೀತೈತೆ.”

“ನನಗೆ ನಿಮ್ಮ ಸೇವೆ ಸಾಲ್ದು ಅಂತ ಹೂವಿನ ಸೇವೆ ಬೇರೆ,” ಎಂದು ಸೊಸೆ ಒಳಗಿನಿಂದಲೇ ಅಂದಳು.

ನೀರು ಹಾಕಲು ನಾನೊಬ್ಬಳು ಉಳಿದೆ.

ಉಳಿದ ಆ ಒಂದು ಗೆಡ್ಡೆ ಒದ್ದೆ ಮರಳಿನಲ್ಲಿ ಮೂರು ಚಿಗುರು ಬಿಟ್ಟಿತು. ಸಣ್ಣ ಕೊಯ್ತ ಆಗಲೇ ತಾತನ ಕೈಲಿ ಆಗುತ್ತಿರಲಿಲ್ಲ. ಆ ಚಿಗುರುಗಳಿಂದ ಮೂರು ಗಿಡ ಮಾಡಲು ಬ್ಲೇಡು ನನ್ನ ಕೈಗೆ ಬಂತು. ಎಲೆಯ ಗಂಟಿನ ಕೆಳಗೆ ಕೊಯ್ಯಬೇಕು, ಕೆಳಗಿನ ಎಲೆ ತೆಗೆಯಬೇಕು, ಮರಳಿಗೆ ಊರಬೇಕು. ಪ್ರತಿಯೊಂದಕ್ಕೂ ಯಾಕೆ ಎಂದೆ. ಪ್ರತಿಯೊಂದಕ್ಕೂ “ಕೊಯ್ಯಿ ಮೊದ್ಲು” ಎಂದರು. ಊರಿದ ಮೂರರಲ್ಲಿ ಎರಡಕ್ಕೆ ಬೇರು ಬಂತು. ಡಿಸೆಂಬರಿನಲ್ಲಿ ಅಂಗೈಯಷ್ಟು ಹೂವು ಬಿಟ್ಟಾಗ ತಾತ ಮೆಟ್ಟಿಲ ಮೇಲೆ ಕೂತು ನೋಡಿದರು. ಹೊಗಳಲಿಲ್ಲ. ಕೋಲು ವಾರೆಯಾಗಿದೆ ಎಂದರು.

ಫೆಬ್ರವರಿಯಲ್ಲಿ ಗೆಡ್ಡೆ ಅಗೆದು ಗುಂಡಿಯಲ್ಲಿ ಇಟ್ಟೆವು. ನಾನು ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದವಳು, ಪರೀಕ್ಷೆಯ ನಡುವೆಯೂ ಶನಿವಾರ ಶನಿವಾರ ಬಸ್ಸು ಹತ್ತಿ ಬಂದು, ಗುಂಡಿಗಿಳಿದು, ವಾರಕ್ಕಾಗುವಷ್ಟು ನೀರು ಚಿಮುಕಿಸಬೇಕು. ತಾತ ಮೇಲೆ ಮಂಚದಲ್ಲಿ ಮಲಗಿಕೊಂಡೇ, “ತೊಯ್ಯಬಾರ್ದು, ತಂಪಾಗಬೇಕು” ಎಂದು ಪ್ರತಿವಾರ ಹೇಳುವರು. ಎಷ್ಟು ಹನಿಗೆ ತೊಯ್ಯುತ್ತದೆ, ಎಷ್ಟಕ್ಕೆ ತಂಪಾಗುತ್ತದೆ ಎಂದು ಕೇಳಿ ಕೇಳಿ ನನಗೆ ಸಾಕಾಯಿತು.

ಮೇ ತಿಂಗಳಲ್ಲಿ ತೀರಿಕೊಂಡರು. ಗೆಡ್ಡೆ ಇನ್ನೂ ಮರಳಿನಲ್ಲಿತ್ತು. ನನ್ನ ಮಾತು ಸರಿಯೋ ತಪ್ಪೋ ಎಂದು ತಿಳಿಯಲು ಇನ್ನೆರಡು ತಿಂಗಳು ಕಾದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಷ್ಟು ಅಳುವಾಗಲೂ ನನಗೆ ಅದೇ ಸಿಟ್ಟು.

ಜುಲೈನಲ್ಲಿ ಪೆಟ್ಟಿಗೆ ತೆಗೆದೆ. ಎಲ್ಲ ಗೆಡ್ಡೆಯೂ ಗಟ್ಟಿ. ನೀರೊಂದೇ ಕಾರಣವೋ, ಗುಂಡಿಯ ಪಾಲೂ ಇದೆಯೋ ನನಗಿನ್ನೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಂದೇ ಮನೆಯಲ್ಲಿದ್ದರೆ ಒಂದೇ ಬೇಸಿಗೆಗೆ ಎಲ್ಲ ಹೋಗುತ್ತದೆ. ಗೆಡ್ಡೆಗಳನ್ನು ಒಂದೊಂದಕ್ಕೂ ಒಂದೊಂದು ಕಣ್ಣಿರುವಂತೆ ಕತ್ತರಿಸಿ, ಒಂದನ್ನು ತಾತನ ಹಿತ್ತಲಿಗೆ ಇಟ್ಟು, ಒಂದನ್ನು ಕುದಾಪುರದ ಸಹಪಾಠಿಗೂ ಇನ್ನೊಂದನ್ನು ಕೊಂಡ್ಲಹಳ್ಳಿಯ ಗೆಳತಿಗೂ ಕೊಟ್ಟೆ. ತಾತ ಇದ್ದಿದ್ದರೆ ಕೊಡುತ್ತಿರಲಿಲ್ಲ. ಕೊಡುವಾಗ ಅವರ ಜೊತೆ ಮನಸ್ಸಿನಲ್ಲೇ ಸಾಕಷ್ಟು ಜಗಳವಾಡಿದೆ.

ಮೊನ್ನೆ ಕೊಂಡ್ಲಹಳ್ಳಿಯವಳು ಫೋನು ಮಾಡಿದ್ದಳು.

“ಗಿಡ ಗೇಣುದ್ದ ಆಗೈತೆ ಕಣೇ. ತುದಿ ಚಿವುಟ್ಲಾ?”

“ನಾಲ್ಕು ಜೊತೆ ಎಲೆ ಬರಲಿ. ಆಮೇಲೆ ಚಿವುಟು.”

“ಯಾಕೆ?”

ನಾನು ಅವಳಿಗೆ ಅರ್ಧ ಗಂಟೆ ವಿವರಿಸಿದೆ.