ರೆಸ್ಟ್ ಬುಕ್ಕಿನಲ್ಲಿ ನನ್ನ ಹೆಸರು

ಕೋವಿಡ್ ತಣ್ಣಗಾದ ಮರುವರ್ಷ ನಾನು ತುಮಕೂರಿನ ಒಂದು ಖಾಸಗಿ ಬಸ್ ಸಂಸ್ಥೆಯಲ್ಲಿ ಆಪರೇಷನ್ಸ್ ಮ್ಯಾನೇಜರ್ ಆಗಿ ನಾಲ್ಕು ವರ್ಷವಾಗಿತ್ತು. ಹೆಸರು ದೊಡ್ಡದು, ಕೆಲಸ ಇಷ್ಟೇ: ಕಾರ್ಮಿಕರನ್ನು ಫ್ಯಾಕ್ಟರಿಗಳಿಗೆ ಕರೆತರುವ ಮೂವತ್ತೊಂದು ಬಸ್ಸು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ ಹೋಗಬೇಕೆಂದು ಬರೆಯುವುದು. ಅದಕ್ಕೆ ಡ್ಯೂಟಿ ಚಾರ್ಟ್ ಅಂತೀವಿ. ಬಸ್ಸುಗಳ ಶೆಡ್ಡು ಊರಿನ ಬಟವಾಡಿ ಬಡಾವಣೆಯಲ್ಲಿತ್ತು. ಅಲ್ಲೇ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಹೆಂಡತಿ ಕುಣಿಗಲ್‌ನಲ್ಲಿ ಟೀಚರ್, ಭಾನುವಾರಕ್ಕೆ ಮಾತ್ರ ನಾನು ಮನೆಯ ಮನುಷ್ಯ.

ಅದಕ್ಕೂ ಮುಂಚೆ ಅದೇ ಸಂಸ್ಥೆಯಲ್ಲಿ ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವನು ನಾನು. ನನಗೆ ರೂಟು ಕಲಿಸಿದವರು ಗುಬ್ಬಿ ಕಡೆಯ ಡ್ರೈವರ್ ರಂಗಣ್ಣ. ‘ಏನ್ಲಾ ಗಂಗಾ’ ಅಂತ ಕರೆದು ಅರ್ಧ ಟೀ ನನ್ನ ಲೋಟಕ್ಕೆ ಸುರಿಯುತ್ತಿದ್ದರು. ಮ್ಯಾನೇಜರ್ ಆದ ಮಾರನೇ ದಿನದಿಂದಲೇ ನಾನು ಅವರ ಬಾಯಲ್ಲಿ ‘ಸಾರ್’ ಆದೆ. ಟೀ ಅಂಗಡಿಗೆ ನಾನು ಹೋದರೆ ಹರಟೆ ನಿಂತು, ಎಲ್ಲರೂ ಬಸ್ಸಿನ ಕಡೆ ನೋಡತೊಡಗುತ್ತಿದ್ದರು. ಆಮೇಲೆ ಟೀ ನನ್ನ ಟೇಬಲ್ಲಿಗೇ ಬರತೊಡಗಿತು. ಮರ್ಯಾದೆ ಅಂದುಕೊಂಡೆ, ಕರ್ಮ.

ಆ ಹುದ್ದೆಯಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ರೆಸ್ಟ್ ಬುಕ್. ಕೀ ಕೊಡುವ ಮುಂಚೆ ಪ್ರತಿ ಡ್ರೈವರಿಗೂ ಮೂರು ಪ್ರಶ್ನೆ: ಎಷ್ಟೊತ್ತು ಮಲಗಿದ್ದೆ, ಏನು ತಿಂದೆ, ಮನಸ್ಸು ಹೇಗಿದೆ. ‘ಇವತ್ತು ನಾನು ಫಿಟ್ ಇಲ್ಲ’ ಅಂತ ಅವನೇ ಹೇಳಿದರೆ ಬೈಗುಳ ಇಲ್ಲ. ಪುಸ್ತಕದಲ್ಲಿ ಹೆಸರು, ಕಾರಣ ಬರೆದು ಮನೆಗೆ ಹೋಗಬಹುದು. ಜ್ವರ, ನಿದ್ದೆಗೇಡು, ಮಗಳ ನಾಮಕರಣ, ಒಮ್ಮೆ ‘ಹೆಂಡ್ತಿ ಜೊತೆ ಜಗಳ’ ಅಂತಲೂ ಇತ್ತು. ಅದನ್ನೂ ಒಪ್ಪಿಕೊಂಡಿದ್ದೆ. ಆದರೆ ಆ ಪುಸ್ತಕದಲ್ಲಿ ಮ್ಯಾನೇಜರನ ಹೆಸರಿಗೆ ಜಾಗ ಇರಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಕೋವಿಡ್ ಹೊತ್ತಿನಲ್ಲಿ ನನ್ನ ಇಬ್ಬರು ಅಸಿಸ್ಟೆಂಟರನ್ನು ತೆಗೆದಿದ್ದ ಯಜಮಾನರು ಮತ್ತೆ ಯಾರನ್ನೂ ಹಾಕಲಿಲ್ಲ. ನಾನೂ ಕೇಳಲಿಲ್ಲ. ಮೂರು ಫೋನು, ಒಂದು ತಲೆ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಆಮೇಲೆ ಭಾನುವಾರಗಳು. ಹೆಂಡತಿ ದಿನಾ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುತ್ತಿದ್ದಳು, ಆಯ್ತು ಅಂದು ಇಡುತ್ತಿದ್ದೆ. ಮಧ್ಯಾಹ್ನ ರಿಪೇರಿಗೆ ನಿಲ್ಲಿಸಿದ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುತ್ತಿದ್ದೆ. ಯಾರೂ ನನ್ನನ್ನು ಹುಡುಕದ ಜಾಗ ಅದೊಂದೇ ಆಗಿತ್ತು. ಅಲ್ಲಿ ಕೂತಾಗ ಅಳು ಬರುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಗುಬ್ಬಿ ಬಸ್ಸು ಹೊರಡಬೇಕಿತ್ತು. ಗಾರ್ಮೆಂಟ್ಸಿಗೆ ಬರುವ ನಲವತ್ತೆರಡು ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಕಾಯುತ್ತಿದ್ದರು. ಡ್ಯೂಟಿ ಮಂಜುನಾಥನದು. ಅವನು ಕೀ ಮುಟ್ಟಲಿಲ್ಲ. ಈಗ ತಾನೇ ಕುಣಿಗಲ್ ನೈಟ್ ಶಿಫ್ಟ್ ಬಸ್ಸು ತಂದು ನಿಲ್ಲಿಸಿದೀನಿ, ಕಣ್ಣು ಎಳೀತಾ ಇದೆ ಸಾರ್ ಅಂದ. ಚಾರ್ಟ್ ನೋಡಿದೆ. ಎರಡೂ ಕಡೆ ಅವನದೇ ಹೆಸರು, ನನ್ನದೇ ಅಕ್ಷರ. ಹಿಂದಿನ ವಾರದ ಚಾರ್ಟನ್ನು ನೋಡಿ ಹಾಗೇ ಇಳಿಸಿಬಿಟ್ಟಿದ್ದೆ.

ತಪ್ಪಾಯ್ತು ಅನ್ನಬೇಕಿತ್ತು. ನಾನು ರೆಸ್ಟ್ ಬುಕ್ ಎತ್ತಿ ಗೋಡೆಗೆ ಬೀಸಿದೆ. ಎಲ್ಲರಿಗೂ ರೆಸ್ಟು, ನಾನೊಬ್ಬ ಸಾಯ್ತೀನಿ ಅಂತ ಕೂಗಾಡಿದೆ. ನಾನೇ ಓಡಿಸ್ತೀನಿ, ಲೈಸೆನ್ಸ್ ಇನ್ನೂ ಇದೆ ಅಂತ ಕೀ ಕಿತ್ತುಕೊಂಡು ಹೋಗಿ ಸೀಟಿನಲ್ಲಿ ಕೂತೆ. ಕೀ ತೂತಿಗೆ ಹೋಗುತ್ತಿರಲಿಲ್ಲ.

ರಂಗಣ್ಣ ಬಂದು ಡ್ರೈವರ್ ಬಾಗಿಲ ಕೆಳಗೆ ನಿಂತರು. ಕೈಯಲ್ಲಿ ಬೈಂಡು ಕಿತ್ತುಹೋದ ಆ ಪುಸ್ತಕ.

“ಏನ್ಲಾ ಗಂಗಾ, ಎಷ್ಟೊತ್ತು ಮಲಗಿದ್ದೆ?”

ನಾಲ್ಕು ವರ್ಷದ ಮೇಲೆ ಆ ‘ಲಾ’ ಕೇಳಿದ್ದೆ. ಎಷ್ಟೊತ್ತು ಮಲಗಿದ್ದೆ ಅನ್ನುವುದಿರಲಿ, ಮಲಗಿದ್ದೆನಾ ಅನ್ನುವುದೇ ನೆನಪಿಗೆ ಬರಲಿಲ್ಲ.

“ಏನ್ ತಿಂದೆ?” ಅಂದರು. ಅದೂ ನೆನಪಿಲ್ಲ. ಮೂರನೆಯದನ್ನು ಅವರು ಕೇಳಲೇ ಇಲ್ಲ. ಕೈ ಚಾಚಿದರು, ಕೀ ಕೊಟ್ಟುಬಿಟ್ಟೆ.

ಕೆಳಗಿಳಿದವನಿಗೆ ಪುಸ್ತಕ, ಪೆನ್ನು ಕೊಟ್ಟರು. ಹೆಸರು ಬರೆದೆ. ಕಾರಣದ ಕಾಲಂ ಬಂದಾಗ ಪೆನ್ನು ನಿಂತಿತು. ಜ್ವರ ಇರಲಿಲ್ಲ, ಜಗಳ ಇರಲಿಲ್ಲ. ‘ಒಬ್ಬನೇ ಇದೀನಿ’ ಅಂತ ಬರೆದೆ. ರಂಗಣ್ಣ ಓದಿ, ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಹೋಗಿ ಮಲಕ್ಕೋ, ಇದ್ದಿದ್ದು ಆಮೇಲೆ ನೋಡಾನ ಬುಡು ಅಂದು, ಒಂಬತ್ತಕ್ಕಿದ್ದ ತಮ್ಮ ಟ್ರಿಪ್ಪು ಬೇರೊಬ್ಬನಿಗೆ ಬಿಟ್ಟು ಗುಬ್ಬಿ ಬಸ್ಸು ಹತ್ತಿದರು. ಬಸ್ಸು ನಲವತ್ತು ನಿಮಿಷ ಲೇಟಾಯಿತು. ಫ್ಯಾಕ್ಟರಿಯವರು ರೇಗಾಡಿದರು, ಅಷ್ಟೇ. ನಲವತ್ತೆರಡು ಜನವೂ ಕ್ಷೇಮವಾಗಿ ಇಳಿದರು. ಅವತ್ತು ನಾನು ಓಡಿಸಿದ್ದರೆ ಅನ್ನುವ ಯೋಚನೆ ಬಂದರೆ ಈಗಲೂ ಕೂತಲ್ಲಿಂದ ಎದ್ದು ಓಡಾಡುತ್ತೇನೆ.

ಮಾರನೇ ದಿನ ಬಟವಾಡಿಯಲ್ಲೇ, ಮೆಡಿಕಲ್ ಸ್ಟೋರಿನ ಮೇಲಿದ್ದ ಮನೋವೈದ್ಯೆಯ ಕ್ಲಿನಿಕ್ಕಿಗೆ ಹೋದೆ. ದಿನಾ ಆ ಬೋರ್ಡಿನ ಕೆಳಗೇ ಓಡಾಡುತ್ತಿದ್ದೆ, ಅದು ಬೇರೆಯವರಿಗೆ ಅಂದುಕೊಂಡು. ಇದಕ್ಕೆ ಬರ್ನ್‌ಔಟ್ ಅಂತಾರೆ, ದುಡಿದು ದುಡಿದು ಒಳಗೆ ಏನೂ ಉಳಿಯದ ಸ್ಥಿತಿ ಎಂದು ಡಾಕ್ಟರಮ್ಮ ವಿವರಿಸಿದರು. ಬಸ್ಸಿನ ವಿಷಯ ಬಿಟ್ಟು ಕೊನೆಗೆ ಯಾವಾಗ, ಯಾರ ಹತ್ತಿರ ಮಾತಾಡಿದ್ರಿ ಅಂತ ಕೇಳಿದರು. ಲೆಕ್ಕ ಹಾಕುತ್ತಾ ಕೂತವನು ಅವರೆದುರೇ ಅತ್ತುಬಿಟ್ಟೆ.

ಕೆಲಸ ಹೋಗುತ್ತದೆ ಅಂದುಕೊಂಡೇ ಯಜಮಾನರ ಹತ್ತಿರ ಹೋಗಿ, ಒಬ್ಬನಿಂದ ಆಗಲ್ಲ ಅಂದೆ. ನೀನು ಯಾವತ್ತೂ ಆಗಲ್ಲ ಅಂದಿರಲಿಲ್ಲವಲ್ಲ ಎಂದರು. ಸಿಟ್ಟು ಬಂತು, ಅವರಿಗೂ ಕಣ್ಣಿತ್ತಲ್ಲ. ಆದರೆ ಅವರ ಮಾತು ಅರ್ಧ ನಿಜ. ತಿಂಗಳೊಳಗೆ ಒಬ್ಬಳು ಅಸಿಸ್ಟೆಂಟ್ ಬಂದಳು, ಪವಿತ್ರ ಅಂತ.

ಹೆಂಡತಿಗೆ ಹೇಳಿದ್ದು ಎಲ್ಲರಿಗಿಂತ ಕೊನೆಗೆ.

“ನಾನು ಇಷ್ಟ್ ದಿವ್ಸ ಕೇಳ್ತಿದ್ದಿದ್ದು ಊಟದ ವಿಚಾರ ಅಲ್ಲ ಕಣ್ರೀ,” ಅಂದಳು.

ಕಳೆದ ವರ್ಷ ನಿವೃತ್ತನಾದೆ. ನನ್ನ ಜಾಗಕ್ಕೆ ಪವಿತ್ರ ಬಂದಳು. ಚಾರ್ಜ್ ಕೊಡುವ ದಿನ ಹಳೆಯ ರೆಸ್ಟ್ ಬುಕ್ ತಿರುವುತ್ತಾ ಆ ಪುಟದಲ್ಲಿ ನಿಂತಳು. ಇದೆಂಥ ಕಾರಣ ಸಾರ್ ಅಂದಳು. ನಾನು ಇಡೀ ಕಥೆ ಹೇಳಿದೆ. ಜನರನ್ನು ನಡೆಸುವವನಿಗೂ ಆಗಲ್ಲ ಅನ್ನುವ ದಿನ ಬರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವುದೂ ಅವನ ಡ್ಯೂಟಿಯೇ ಅಂದೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದೊಂದನ್ನೇ.

ಅವಳು ಹೊಸ ಪುಸ್ತಕ ತೆಗೆದು ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು, ಕಾರಣದ ಕಾಲಂ ಖಾಲಿ ಬಿಟ್ಟಳು. ವಯಸ್ಸಾದರೂ ಸ್ಟೇರಿಂಗ್ ಬಿಡದ ರಂಗಣ್ಣ ಬಾಗಿಲಲ್ಲಿ ಕೀಗೆ ಕಾಯುತ್ತಿದ್ದರು. ಅವಳು ಆ ಕಡೆ ತಿರುಗಿ ಕರೆದಳು.

“ರಂಗಣ್ಣ, ಆ ಮೂರು ಪ್ರಶ್ನೆ ದಿನಾ ಬೆಳಿಗ್ಗೆ ಮೊದಲು ನನ್ನನ್ನ ಕೇಳಿ. ಆಮೇಲೆ ನಾನು ಕೀ ಕೊಡ್ತೀನಿ.”