ನಂಟು ಹುಡುಕುವ ರತ್ನಾವತಿ ಟೀಚರ್

ಉಡುಪಿ ಜಿಲ್ಲೆಯ ಚಿತ್ರಕಲಾ ಶಿಕ್ಷಕರ ಬಳಗದಲ್ಲಿ ಶ್ರೀಮತಿ ರತ್ನಾವತಿಯವರ ಹೆಸರನ್ನು ಗೌರವದಿಂದ ಎತ್ತದವರಿಲ್ಲ. ಗೌರವದ ಜೊತೆಗೆ ಸ್ವಲ್ಪ ಅಂಜಿಕೆಯೂ ಇರುತ್ತದೆ. ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ ಎಂದರೆ ಪಾಠ ಮುಗಿಸಲಾಗದ ಗಣಿತದವರಿಗೆ ಬಿಟ್ಟುಕೊಡುವ ಖಾಲಿ ಜಾಗವೆಂದು ತಿಳಿದಿದ್ದ ನಮ್ಮಂಥವರ ನಡುವೆ, ಒಂದು ಪೀರಿಯಡನ್ನೂ ಬಿಟ್ಟುಕೊಡದೆ, ಯಾರ ಮನಸ್ಸನ್ನೂ ನೋಯಿಸದೆ, ಮೂರು ದಶಕಗಳಿಗೂ ಮಿಕ್ಕಿದ ಸೇವೆ ಮುಗಿಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿ, ಮೀನು ಮಾರುವ ತಾಯಿಯ ದುಡಿಮೆಯಲ್ಲಿ ಓದಿದ ಅವರು ವೃತ್ತಿಗೆ ಕಾಲಿಟ್ಟದ್ದು ಅಜೆಕಾರಿನ ಶಾಲೆಯೊಂದರಲ್ಲಿ. ಅಲ್ಲಿ ನೋಡಿ ಬರೆಯಿಸಲು ಒಂದು ಹೂಜಿಯೂ ಇರಲಿಲ್ಲ. ಮಕ್ಕಳಿಗೆ ಮನೆಯಿಂದ ಒಂದೊಂದು ವಸ್ತು ತರಲು ಹೇಳಿ, ಎಲ್ಲವನ್ನೂ ಬಟ್ಟೆಯ ಚೀಲವೊಂದಕ್ಕೆ ತುಂಬಿಸಿದರು. ಕಣ್ಣು ಮುಚ್ಚಿ ಎರಡು ವಸ್ತು ತೆಗೆಯಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡಕ್ಕೂ ನಂಟು ಕಟ್ಟಿ ಒಂದು ಚಿತ್ರ ಬರೆಯಬೇಕು. ಶುಕ್ರವಾರದ ಈ ಕ್ರಮಕ್ಕೆ ಮಕ್ಕಳೇ ‘ಚೀಲದ ಪಾಠ’ ಎಂದು ಹೆಸರಿಟ್ಟರು.

ಕಾರ್ಕಳಕ್ಕೆ ವರ್ಗವಾದಾಗ ಚೀಲವೂ ಜೊತೆಗೆ ಹೋಯಿತು. ಅಲ್ಲಿ ಹುಡುಗಿಯೊಬ್ಬಳ ಕೈಗೆ ಕಲ್ಲು ಕೆತ್ತುವ ಉಳಿಯೂ ಒಂದು ಕೊಳಲೂ ಬಂದವು. ಆಕೆ ಬರೆದದ್ದು ಉಳಿಯನ್ನು ಕೊಳಲಿನಂತೆ ಊದುತ್ತಿರುವ ಶಿಲ್ಪಿಯನ್ನು, ಅದನ್ನು ಕೇಳಲೆಂದು ಕಿವಿ ಮೂಡಿಸಿಕೊಳ್ಳುತ್ತಿರುವ ಬಂಡೆಯನ್ನು. ಯಾರೋ ಪುಣ್ಯಾತ್ಮರು ಹಸಿ ಬಂಗುಡೆ ಮೀನನ್ನು ಚೀಲಕ್ಕೆ ಹಾಕಿ ದಸರಾ ರಜೆಗೆ ಹೋದ ಕಥೆಯೂ ಉಂಟು. ರಜೆ ಮುಗಿದ ಮೇಲೆ ಆ ಕೋಣೆಯ ಬಳಿ ಸುಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಟೀಚರ್ ಮಾತ್ರ ಆ ವಾಸನೆಗೇ ಒಂದು ಚಿತ್ರ ಬರೆಯಿಸಿದರು.

ಕೊನೆಗೆ ಅವರು ಹುಟ್ಟೂರು ಕಾಪುವಿನ ಶಾಲೆಗೆ ಬಂದರು. ಲಕ್ಷಿತ್ ಎಂಬ ಹುಡುಗ ಅವರಿಗೆ ಸಿಕ್ಕಿದ್ದು ಇಲ್ಲಿ. ಹೂ ಬರೆ ಎಂದರೂ ಹಕ್ಕಿ ಬರೆ ಎಂದರೂ ಅವನು ಬರೆಯುತ್ತಿದ್ದುದು ಬಸ್ಸು. ಪಡುಬಿದ್ರಿಯಿಂದ ಉಡುಪಿಗೆ ಹೋಗುವ ಪ್ರತಿಯೊಂದು ಸರ್ವಿಸ್ ಬಸ್ಸಿನ ಬಣ್ಣವೂ ಬೋರ್ಡೂ ಅವನಿಗೆ ಬಾಯಿಪಾಠ; ಮನುಷ್ಯರೊಡನೆ ಮಾತು ಮಾತ್ರ ತೀರಾ ಅಪರೂಪ. ಈ ಬಸ್ಸಿನ ಹುಚ್ಚು ಬಿಡಿಸಲು ಎಲ್ಲರೂ ಹೆಣಗುತ್ತಿದ್ದಾಗ ರತ್ನಾವತಿಯವರು ಬಸ್ಸನ್ನು ಅವನಿಗೇ ಬಿಟ್ಟು, ಚೀಲದಿಂದ ಇನ್ನೊಂದೇ ವಸ್ತು ತೆಗೆದರೆ ಸಾಕೆಂದರು. ಅಂದಿನಿಂದ ಅವನ ಬಸ್ಸುಗಳ ನೆತ್ತಿಗೆ ಕೊಡೆಯ ಮಾಡು ಬಂತು, ಮಲ್ಲಿಗೆಯ ಚಕ್ರ ಬಂತು.

ಅವನ ತಾಯಿ ಶರ್ಮಿಳಾ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಒಬ್ಬರೇ ಅವನನ್ನು ಸಾಕಿದವರು. ಹೊಟ್ಟೆಯ ಗಡ್ಡೆಗೆ ಮಣಿಪಾಲದಲ್ಲಿ ಆಪರೇಷನ್ ಎಂದು ನಿಶ್ಚಯವಾದಾಗ ಅವರು ಶಾಲೆಗೆ ಬಂದು ಟೀಚರೊಡನೆ ತಮ್ಮ ಸಂಕಟ ತೋಡಿಕೊಂಡರು. ಅವರನ್ನು ಸುಡುತ್ತಿದ್ದುದು ಆಪರೇಷನ್ನಿನ ಭಯವಲ್ಲ.

“ನಾನು ಸತ್ತರೂ ಒಂದು ಬಸ್ಸು ತಪ್ಪಿದಷ್ಟು ಸಹ ಅವನಿಗೆ ಗೊತ್ತಾಗ್ಲಿಕ್ಕಿಲ್ಲ ಟೀಚರೇ. ಇವತ್ತಿನವರೆಗೆ ಒಮ್ಮೆಯಾದ್ರೂ ನನ್ನ ಮುಖ ನೋಡಿ ಅಮ್ಮ ಅಂತ ಕರೆದವನಲ್ಲ.”

ಮಕ್ಕಳ ಮನಸ್ಸನ್ನು ಹಾಳೆಯ ಮೇಲೆ ಓದಬಲ್ಲೆನೆಂದು ನಂಬಿದ್ದ ರತ್ನಾವತಿಯವರಿಗೂ ಈ ಹುಡುಗನ ಬಸ್ಸುಗಳಲ್ಲಿ ಒಬ್ಬ ಮನುಷ್ಯನೂ ಕಂಡಿರಲಿಲ್ಲ.

ಶರ್ಮಿಳಾ ಆಸ್ಪತ್ರೆ ಸೇರಿದರು. ಹೆದರೀತು ಮಗು ಎಂದು ನೆರೆಯವರು ಅಮ್ಮ ಮದುವೆಗೆ ಹೋಗಿದ್ದಾರೆಂದು ಹೇಳಿಟ್ಟರು. ಆ ಶುಕ್ರವಾರ ಲಕ್ಷಿತ್ ಚೀಲಕ್ಕೆ ಕೈ ಹಾಕಲಿಲ್ಲ. ಮನೆಯಿಂದ ತಂದ ಸುತ್ತಿದ ಬಟ್ಟೆಯೊಂದನ್ನು ಟೀಚರ ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತ. ಅಷ್ಟರಲ್ಲಿ ಏನೋ ಕೇಳಲು ಬಂದ ವಿಜ್ಞಾನದ ಯೋಗೀಶ್ ಮಾಸ್ತರರು ಅದನ್ನು ಬೋರ್ಡು ಒರೆಸುವ ಬಟ್ಟೆಯೆಂದೇ ತಿಳಿದು ಎತ್ತಿ, ಒರೆಸಲಿಕ್ಕೇ ತೊಡಗಿದರು. ಎಂದೂ ಯಾರ ಮೈಯನ್ನೂ ಮುಟ್ಟದ ಹುಡುಗ ಓಡಿಬಂದು ಅವರ ಕೈಯಿಂದ ಅದನ್ನು ಕಿತ್ತುಕೊಂಡು ಎದೆಗೊತ್ತಿ ಹಿಡಿದ.

ಮೀನುಗಾರ್ತಿಯ ಮಗಳಾದ ಟೀಚರಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಬುಟ್ಟಿ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆ ಅದು; ಶರ್ಮಿಳಾರ ಸಿಂಬೆ. ಟೀಚರ್ ಅವನ ಮುಂದೆ ಹಾಳೆ ಇಟ್ಟು ಪಕ್ಕದಲ್ಲಿ ಕುಳಿತರು. ಗಂಟೆ ಹೊಡೆಯಿತು, ಮಕ್ಕಳು ಹೋದರು, ಇಬ್ಬರೂ ಏಳಲಿಲ್ಲ.

ಚಿತ್ರದಲ್ಲಿ ಯಥಾಪ್ರಕಾರ ಬಸ್ಸು, ನಿಲ್ದಾಣದಲ್ಲಿ ನಿಂತದ್ದು. ಆದರೆ ಸ್ಟಿಯರಿಂಗ್ ಇರಬೇಕಾದಲ್ಲಿ ಸಿಂಬೆ. ಅದನ್ನು ಎರಡೂ ಕೈಗಳಿಂದ ಹಿಡಿದು ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಹೆಂಗಸಿನ ಕಿವಿಯ ಓಲೆ, ಹಣೆಯ ಬೊಟ್ಟು, ಗಲ್ಲದ ಮಚ್ಚೆ ಒಂದೂ ಬಿಟ್ಟುಹೋಗಿರಲಿಲ್ಲ. ಮುಖವನ್ನೇ ನೋಡದವನು ಎನಿಸಿಕೊಂಡಿದ್ದ ಮಗ ತಾಯಿಯನ್ನು ಎಷ್ಟು ಕಾಲದಿಂದ ನೋಡುತ್ತಾ ಬಂದಿದ್ದನೋ! ತಮ್ಮ ಇಡೀ ಸೇವೆಯಲ್ಲಿ ಅಂಥ ಬೆರಗನ್ನು ಇನ್ನೊಮ್ಮೆ ಕಂಡಿಲ್ಲವೆಂದು ರತ್ನಾವತಿಯವರು ಇಂದಿಗೂ ಹೇಳುತ್ತಾರೆ.

ಮರುದಿನ ಹುಡುಗನನ್ನು ಕರೆದುಕೊಂಡು, ಚಿತ್ರವನ್ನೂ ಹಿಡಿದುಕೊಂಡು ಅವರು ಮಣಿಪಾಲದ ಬಸ್ಸು ಹತ್ತಿದರು. ಆಪರೇಷನ್ ಮುಗಿಸಿ ಮಲಗಿದ್ದ ಶರ್ಮಿಳಾ ಹಾಳೆಯನ್ನು ಬಹಳ ಹೊತ್ತು ನೋಡಿ, ಬಸ್ಸು ಯಾಕೆ ನಿಂತಿದೆ ಎಂದಷ್ಟೇ ಕೇಳಿದರು. ಲಕ್ಷಿತ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದ:

“ಡ್ರೈವರ್ ಮನೆಗೆ ಬಾರದೆ ಬಸ್ಸು ಹೋಗುವುದಿಲ್ಲ.”

ಶರ್ಮಿಳಾ ಹೊದಿಕೆಯಿಂದ ಮುಖ ಮುಚ್ಚಿಕೊಂಡು ಅತ್ತರು.

ಶರ್ಮಿಳಾ ಗುಣವಾಗಿ ಮನೆಗೆ ಮರಳಿದರು. ಇಂದು ಉಡುಪಿಯ ಗ್ಯಾರೇಜೊಂದರಲ್ಲಿ ಬಸ್ಸುಗಳಿಗೆ ಬಣ್ಣ ಬಳಿಯುವ ಲಕ್ಷಿತ್ ಈಗಲೂ ಮಾತು ಬಲ್ಲವನಲ್ಲ. ಮನಸ್ಸಿನಲ್ಲಿದ್ದದ್ದನ್ನು ಚಿತ್ರ ಬರೆದು ಭಾನುವಾರ ಬನ್ನಂಜೆಯಲ್ಲಿರುವ ಟೀಚರ್ ಮನೆಗೆ ಒಯ್ಯುತ್ತಾನೆ. ನಿವೃತ್ತಿಯ ಬಳಿಕ ಅವನಂಥ ಮಕ್ಕಳಿಗಾಗಿಯೇ ಆ ಮನೆಯ ಚಾವಡಿ ದಿನವೂ ತೆರೆದಿರಲಿದೆ.

ದೀರ್ಘಾಯುಷ್ಯ ಕೋರಿ ಲೇಖನ ಮುಗಿಸುವುದು ವಾಡಿಕೆ. ಈ ಅಭಿನಂದನಾ ಸಂಪುಟಕ್ಕೊಂದು ಹಾರೈಕೆಯ ಮಾತು ಬೇಕೆಂದು ನಾವು ಶರ್ಮಿಳಾರನ್ನು ಕೇಳಿದಾಗ ಅವರು ಹೇಳಿದ್ದಕ್ಕಿಂತ ಮಿಗಿಲಾದದ್ದು ನಮಗಾರಿಗೂ ತೋಚಲಿಲ್ಲ:

“ಟೀಚರಿಗೆ ದೇವರು ನನಗಿಂತ ಹೆಚ್ಚು ಆಯುಷ್ಯ ಕೊಡಲಿ. ನಾನು ಹೋದ ದಿನ ಅವನು ಬರೆಯುವ ಚಿತ್ರವನ್ನು ಓದ್ಲಿಕ್ಕೆ ಒಬ್ಬರಾದ್ರೂ ಬೇಕಲ್ಲ.”