ಅತ್ತರಂಗಡಿಯಲ್ಲಿ ಮೂಗು ಕಟ್ಟಿದ ದಿನಗಳು

ಪಾಣೆಮಂಗಳೂರಿನ ಪೇಟೆಯಲ್ಲಿ ನನ್ನ ತಂದೆ ಇಟ್ಟ ಅತ್ತರಿನ ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಕೋಣೆ ಅದು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಬಾಟ್ಲಿಗಳು. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಹಿಂದಿನ ದಿನದ ಪರಿಮಳಗಳೆಲ್ಲ ಒಟ್ಟಾಗಿ ಎದುರು ಬಂದು ನಿಲ್ಲುತ್ತವೆ. ಯಾವ ಬಾಟ್ಲಿಯ ಮುಚ್ಚಳ ಸಡಿಲ ಉಳಿದಿದೆ ಎಂಬುದು ನನಗೆ ಬಾಗಿಲಲ್ಲೇ ತಿಳಿಯುತ್ತದೆ.

ಮಳೆ ಹೋಗಿ ಚಳಿ ಶುರುವಾಗುವ ಹೊತ್ತಿಗೆ ಮಾತ್ರ ಏನೂ ತಿಳಿಯುವುದಿಲ್ಲ. ರಸ್ತೆಬದಿಯ ಅಕೇಶಿಯಾ ಮರಗಳಲ್ಲಿ ಹಳದಿ ಹೂ ಬಿಟ್ಟ ಮೇಲೆ ನನಗೆ ಸೀನು ಹಿಡಿಯುತ್ತದೆ, ಕಣ್ಣು ತುರಿಸುತ್ತದೆ, ಆಮೇಲೆ ಮೂಗು ಕಟ್ಟುತ್ತದೆ. ಮೊದಲೆಲ್ಲ ಅದು ಬಂದು ಹೋಗುತ್ತಿತ್ತು. ಕಳೆದ ವರ್ಷ ಬಂದದ್ದು ಹೋಗಲಿಲ್ಲ. ಮೆಡಿಕಲ್‌ನಿಂದ ಮೂಗಿಗೆ ಬಿಡುವ ಮದ್ದು ತಂದುಕೊಂಡೆ. ಬಿಟ್ಟ ಕೂಡಲೇ ಮೂಗು ತೆರೆದು ಹಾಯೆನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟುತ್ತಿತ್ತು, ಮೊದಲಿಗಿಂತ ಬಿಗಿಯಾಗಿ. ಮತ್ತೆ ಬಿಡುತ್ತಿದ್ದೆ. ಹೀಗೆ ವಾರಗಳು ಹೋದವು. ಒಂದು ದಿನ ಮಲ್ಲಿಗೆಯ ಅತ್ತರನ್ನು ಮೂಗಿನ ಕೆಳಗೆ ಹಿಡಿದರೆ ಎಣ್ಣೆಯ ತಣ್ಣಗಿನ ಪಸೆ ಬಿಟ್ಟು ಬೇರೆ ಏನೂ ಇರಲಿಲ್ಲ.

ಆ ದಿನಗಳನ್ನು ಈಗ ನೆನೆದರೆ ನೀರಿನೊಳಗೆ ನಡೆದ ಹಾಗೆ ಅನಿಸುತ್ತದೆ. ಗಿರಾಕಿಗಳು ಬರುತ್ತಿದ್ದರು, ನಾನು ಲೇಬಲ್ ನೋಡಿ ಕೊಡುತ್ತಿದ್ದೆ, ಅವರು ಮೂಸಿ ತಲೆಯಾಡಿಸುತ್ತಿದ್ದರು. ಮೀನಿನ ಸಾರು, ಸೀಮೆಎಣ್ಣೆ, ಹೊಸ ಬಟ್ಟೆ ಎಲ್ಲ ಒಂದೇ ಆಗಿತ್ತು. ಮಧ್ಯಾಹ್ನ ಅಂಗಡಿಯ ಹಿಂದೆ ಹೊಳೆಯ ಕಡೆಗಿರುವ ಬೆಂಚಿನಲ್ಲಿ ಕಣ್ಣು ಮುಚ್ಚಿದರೆ ಕನಸಿನಲ್ಲಿ ಮಾತ್ರ ಪರಿಮಳ ಬರುತ್ತಿತ್ತು. ಕನಸಿನ ಹೊಳೆಯ ಮೇಲೆ ಕೇದಗೆಯ ಘಮ ಹೊಗೆಯಂತೆ ತೇಲುತ್ತಿತ್ತು. ಎದ್ದು ಕುಳಿತರೆ ಹೊಳೆ ಅಲ್ಲೇ ಹರಿಯುತ್ತಿತ್ತು, ಘಮ ಇರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಲಾಯಿಲದ ಕಡೆಯಿಂದ ಒಬ್ಬ ನಿವೃತ್ತ ಮಾಸ್ಟ್ರು ಮಗಳ ಜೊತೆ ಅಂಗಡಿಗೆ ಬಂದರು. ಜೈನರು, ತುಂಬ ಮೆಲ್ಲಗೆ ಮಾತಾಡುವವರು. ಕರವಸ್ತ್ರ ಬಿಡಿಸಿ ಹೆಬ್ಬೆರಳಿನಷ್ಟು ದೊಡ್ಡ ಬಾಟ್ಲಿಯೊಂದನ್ನು ಮೇಜಿನ ಮೇಲಿಟ್ಟರು. ತಳದಲ್ಲಿ ಕಂದು ಬಣ್ಣದ ಗೆರೆಯಷ್ಟೇ ಉಳಿದಿತ್ತು.

"ನನ್ನ ಹೆಂಡತಿಯದ್ದು," ಎಂದರು. "ಹೋಗಿ ವರ್ಷ ಆಯ್ತು. ಸೀರೆಗಳ ನಡುವೆ ಇಟ್ಟಿದ್ದಳು. ನಿಮ್ಮ ತಂದೆ ಇದ್ದಾಗ ಇಲ್ಲಿಂದಲೇ ತಗೊಂಡು ಹೋಗ್ತಿದ್ದದ್ದು. ಹೆಸರು ಗೊತ್ತಿಲ್ಲ. ಇಂಥದ್ದೇ ಮಾಡಿ ಕೊಡ್ಲಿಕ್ಕೆ ಆಗ್ತದಾ?"

ತಂದೆ ಎಷ್ಟೋ ಮಿಶ್ರಣಗಳನ್ನು ಬಾಯಿಲೆಕ್ಕದಲ್ಲೇ ಮಾಡುತ್ತಿದ್ದರು. ನಾನು ಮುಚ್ಚಳ ತೆಗೆದೆ, ಮೂಸಿದೆ. ಏನೂ ಇಲ್ಲ. ತೆರೆದಷ್ಟು ಹೊತ್ತೂ ಅದರಲ್ಲಿ ಉಳಿದದ್ದು ಹಾರಿಹೋಗುತ್ತಿದೆ ಎಂಬ ಭಯಕ್ಕೆ ಬೇಗನೆ ಮುಚ್ಚಿದೆ.

"ಮಾಸ್ಟ್ರೇ, ಈಗ ನನಗೆ ಪರಿಮಳವೇ ಬರುವುದಿಲ್ಲ. ಮೂಗು ಕಟ್ಟಿದೆ. ಸರಿಯಾದ ಮೇಲೆ ನೋಡ್ತೇನೆ. ಬಾಟ್ಲಿ ಇಲ್ಲೇ ಇರಲಿಯಾ?"

ಅವರು ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. "ಇರಲಿ. ಅರ್ಜೆಂಟ್ ಎಂತ ಇಲ್ಲ," ಎಂದರು ಮಾಸ್ಟ್ರು. ಆದರೆ ಮೆಟ್ಟಿಲು ಇಳಿಯುವಾಗ ಒಮ್ಮೆ ಹಿಂತಿರುಗಿ ನೋಡಿದರು.

ಆ ವಾರವೇ ಬಿ.ಸಿ.ರೋಡಿನಿಂದ ಮೂಡುಬಿದಿರೆಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಮನೆ ಉಂಟು, ಅವಳು ಹೇಳಿದ ಕಿವಿ-ಮೂಗು-ಗಂಟಲಿನ ಡಾಕ್ಟರೂ ಇದ್ದರು. ದಾರಿಯುದ್ದಕ್ಕೂ ಬಿಸಿಲಿನಲ್ಲಿ ಹಳದಿ ಹೂಗಳು ನಿದ್ದೆಯಲ್ಲಿದ್ದಂತೆ ತೂಗುತ್ತಿದ್ದವು. ನೋಡಲಿಕ್ಕೆ ಎಷ್ಟು ಚೆಂದ! ಕಿಟಕಿಯ ಗಾಜು ಎಳೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತೆ.

ಡಾಕ್ಟರಮ್ಮ ಲೈಟು ಹಿಡಿದು ಎರಡೂ ಹೊಳ್ಳೆ ನೋಡಿದರು. ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತೇನೆ, ಮೂಗಿನ ಆಪರೇಷನ್ ಆಗಿದೆಯೇ, ಕಣ್ಣಿನ ತೊಂದರೆ ಇದೆಯೇ ಎಂದೆಲ್ಲ ಕೇಳಿದರು. ಮೆಡಿಕಲ್‌ನ ಮದ್ದಿನ ವಿಷಯ ಹೇಳಿದಾಗ ತಲೆ ಅಲ್ಲಾಡಿಸಿದರು.

"ಅದನ್ನು ನಿಲ್ಲಿಸಿ. ಕೆಲವೇ ದಿನ ಹಾಕುವ ಮದ್ದು ಅದು. ಹೆಚ್ಚು ಹಾಕಿದ್ರೆ ಅದೇ ಮೂಗು ಕಟ್ಟಿಸ್ತದೆ. ನಾನು ಬೇರೆ ಸ್ಪ್ರೇ ಬರೀತೇನೆ. ಇದು ಹೊಡೆದ ಕೂಡಲೇ ಏನೂ ಆಗುವುದಿಲ್ಲ. ದಿನಾ ಹಾಕ್ಬೇಕು, ಹೇಳಿದಷ್ಟೇ ಹಾಕ್ಬೇಕು. ಗೊತ್ತಾಗ್ಲಿಕ್ಕೆ ಒಂದೆರಡು ವಾರ ಬೇಕಾಗ್ಬಹುದು."

"ಜಾಸ್ತಿ ಹಾಕಿದ್ರೆ ಬೇಗ ಆಗ್ತದಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲಮ್ಮ," ಎಂದು ಅವರು ನಕ್ಕರು. "ಜಾಸ್ತಿ ಹಾಕಿದ್ರೆ ತೊಂದರೆ ಮಾತ್ರ ಜಾಸ್ತಿ."

ಮೊದಲ ಕೆಲವು ದಿನ ಕಷ್ಟವಾಯಿತು. ಹಳೆಯ ಮದ್ದು ಬಿಟ್ಟದ್ದಕ್ಕೆ ಮೂಗು ಹಟ ಹಿಡಿದು ಕುಳಿತಿತ್ತು. ಹೊಸ ಸ್ಪ್ರೇ ಹೊಡೆದು ಜೋರಾಗಿ ಒಳಗೆ ಎಳೆದುಕೊಳ್ಳುತ್ತಿದ್ದೆ, ಗಂಟಲೆಲ್ಲ ಕಹಿಯಾಗುತ್ತಿತ್ತು. ಒಂದು ಬೆಳಗ್ಗೆ ಕರವಸ್ತ್ರದಲ್ಲಿ ರಕ್ತದ ಕಲೆ ಕಂಡು ನನ್ನ ತಾಯಿ, ಉಮ್ಮ, ಗಾಬರಿಯಾದರು. ಫೋನು ಮಾಡಿದೆ. ಸ್ಪ್ರೇ ನಿಲ್ಲಿಸಿ ಬಂದು ತೋರಿಸಿ ಎಂದರು ಡಾಕ್ಟರಮ್ಮ.

ಅವರ ಎದುರಲ್ಲೇ ಹೇಗೆ ಹಾಕುತ್ತೇನೆಂದು ತೋರಿಸಿದೆ.

"ನೋಡಿ, ತಲೆ ಹಿಂದಕ್ಕೆ ಹಾಕ್ತಿದ್ದೀರಿ. ಎಡ ಮೂಗಿಗೆ ಎಡಗೈಯಲ್ಲೇ ಹಿಡೀತಿದ್ದೀರಿ. ಆಗ ಮದ್ದೆಲ್ಲ ನಡುವಿನ ಗೋಡೆಗೆ ಬೀಳ್ತದೆ. ಅಲ್ಲಿ ಚರ್ಮ ತೆಳು, ಅದಕ್ಕೇ ರಕ್ತ ಬಂದದ್ದು." ಅವರು ಖಾಲಿ ಬಾಟ್ಲಿಯೊಂದನ್ನು ಕೈಗೆ ಕೊಟ್ಟರು. "ಮೊದಲು ಮೂಗು ಮೆಲ್ಲ ಸೀಟಿಕೊಳ್ಳಿ. ಬಾಟ್ಲಿ ಅಲ್ಲಾಡಿಸಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಎಡ ಮೂಗಿಗೆ ಬಲಗೈ, ಬಲ ಮೂಗಿಗೆ ಎಡಗೈ. ತುದಿ ಕಿವಿಯ ಕಡೆಗೆ ಇರಲಿ. ಉಸಿರು ಮೆಲ್ಲ, ಹೂವು ಮೂಸುವ ಹಾಗೆ."

ಹೂವು ಮೂಸುವ ಹಾಗೆ. ಅಷ್ಟು ದಿನ ಅದನ್ನೇ ಮರೆತವಳಂತೆ ಇದ್ದೆ ನಾನು. ಗಾಯ ಒಣಗಿದ ಮೇಲೆ ಯಾವಾಗಿನಿಂದ ಮತ್ತೆ ಶುರು ಮಾಡಬೇಕೆಂದೂ ಅವರೇ ಹೇಳಿದರು. ಪುನಃ ರಕ್ತ ಬಂದರೆ ಬರಬೇಕು ಎಂದರು.

ಆಮೇಲೆ ಅದು ಮುಂಜಾನೆಯ ಒಂದು ಕೆಲಸವಾಯಿತು. ಹಲ್ಲುಜ್ಜಿ, ಕನ್ನಡಿಯ ಮುಂದೆ ತಲೆ ಬಗ್ಗಿಸಿ, ಕೈ ಬದಲಿಸಿ ಹಾಕುವುದು, ಕೊನೆಗೆ ತುದಿ ಒರೆಸಿ ಮುಚ್ಚುವುದು. ಉಮ್ಮನಿಗೂ ಧೂಳಿಗೆ ಸೀನು ಬರುತ್ತದೆ. ಒಮ್ಮೆ ನನ್ನ ಸ್ಪ್ರೇಯನ್ನು ಕೈಗೆತ್ತಿಕೊಂಡರು. "ನನಗೂ ಸ್ವಲ್ಪ ಹೊಡಿ ಮಾರಾಯ್ತಿ."

"ಬೇಡ ಉಮ್ಮ. ಇದು ನನಗೆ ಬರೆದದ್ದು. ನೀವು ಕಣ್ಣಿನ ಪ್ರೆಶರಿಗೆ ಮದ್ದು ಬಿಡ್ತೀರಿ ಅಲ್ವಾ? ಡಾಕ್ಟರಮ್ಮ ನನ್ನ ಕಣ್ಣಿನ ವಿಷಯವೂ ಕೇಳಿದ್ರು, ಅವರಲ್ಲಿ ಕೇಳದೆ ಹಾಕ್ಲಿಕ್ಕಿಲ್ಲ. ನಿಮ್ಮನ್ನೂ ಕರ್ಕೊಂಡು ಹೋಗ್ತೇನೆ."

"ಮೂಗಿನದ್ದಕ್ಕೂ ಕಣ್ಣಿಗೂ ಎಂತ ಸಂಬಂಧ?" ಎಂದು ಗೊಣಗಿ ಇಟ್ಟುಬಿಟ್ಟರು.

ಪರಿಮಳ ಒಂದೇ ಸಲ ಬರಲಿಲ್ಲ. ಮೊದಲು ಬಂದದ್ದು ಒಗೆದ ಬಟ್ಟೆಯ ಸೋಪು, ಅದೂ ದೂರದ ಯಾರದೋ ಮನೆಯದ್ದೆಂಬಂತೆ. ಇನ್ನೊಂದು ದಿನ ಹುರಿದ ಮೆಂತೆ. ಮತ್ತೆ ಎರಡು ದಿನ ಏನೂ ಇಲ್ಲ. ಒಂದು ಬೆಳಗ್ಗೆ ಶಟರ್ ಎತ್ತಿದೆ. ಕತ್ತಲೆಯ ಕೋಣೆಯಿಂದ ಗಂಧ, ಗುಲಾಬಿ, ಊದ್ ಎಲ್ಲ ಸೇರಿ ಮೆಲ್ಲನೆ ಬಂದು ಮುಖವನ್ನು ಮುಟ್ಟಿದವು. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎದುರಿನ ಅಂಗಡಿಯವರು "ಎಂತ ಆಯ್ತು, ತಲೆ ತಿರುಗಿತಾ?" ಎಂದು ಓಡಿಬಂದರು.

ಅಂದು ಮಾಸ್ಟ್ರ ಬಾಟ್ಲಿ ತೆರೆದೆ. ಲಾವಂಚ ಗೊತ್ತಾಯಿತು. ಅದರ ಹಿಂದೆ ಸಂಪಿಗೆ, ತಳದಲ್ಲಿ ಗಂಧ. ಹಲವು ದಿನ ಹನಿ ಹನಿ ಸೇರಿಸಿ, ಒರೆಸಿ, ಮತ್ತೆ ಸೇರಿಸಿ ಮಾಡಿದೆ. ಮುಗಿದಾಗ ಎರಡನ್ನೂ ಮೂಸಿ ನೋಡಿದರೆ ವ್ಯತ್ಯಾಸ ಸಿಗಲಿಲ್ಲ.

ಮಾಸ್ಟ್ರು ಮಗಳ ಜೊತೆ ಬಂದು ಕೈಯ ಹಿಂಬದಿಗೆ ಹಚ್ಚಿಸಿಕೊಂಡರು. ಕಣ್ಣು ಮುಚ್ಚಿ ಒಮ್ಮೆ, ಮತ್ತೊಮ್ಮೆ ಮೂಸಿದರು.

"ಬಾಟ್ಲಿಯಲ್ಲಿ ಇದ್ದದ್ದು ಇದೇ," ಎಂದರು ಕೊನೆಗೆ. "ಆದ್ರೆ ಅವಳು ಹಚ್ಚಿಕೊಂಡಾಗ ಬೇರೆ ಏನೋ ಇರ್ತಿತ್ತು. ತಲೆಗೆ ಹಾಕುವ ಎಣ್ಣೆಯೋ, ಒಲೆಯ ಹೊಗೆಯೋ."

"ಅದನ್ನು ನನಗೆ ಮಾಡ್ಲಿಕ್ಕೆ ಬರುವುದಿಲ್ಲ ಮಾಸ್ಟ್ರೇ."

"ಗೊತ್ತುಂಟು ತಂಗಿ. ಇಷ್ಟು ಸಾಕು." ಅವರು ಹೊಸ ಬಾಟ್ಲಿಯಿಂದ ಒಂದು ಹನಿ ತೆಗೆದು ಮಗಳ ಮಣಿಕಟ್ಟಿಗೆ ಹಚ್ಚಿದರು.

ಅವಳು ಅಪ್ಪನ ಕೈ ಹಿಡಿದು ಮೆಟ್ಟಿಲಿಳಿದು ರಸ್ತೆ ದಾಟುವಾಗಲೂ, ಬಸ್ಸಿಗೆ ಕಾಯುತ್ತ ನಿಂತಾಗಲೂ ಆ ಮಣಿಕಟ್ಟನ್ನು ಮುಖದಿಂದ ದೂರ ಮಾಡಲಿಲ್ಲ.